ಜಾಗತೀಕರಣ ಹಿಂದೆ ಸರಿಯುವಾಗ ಭಾರತ, ನಮ್ಮ ಕರಾವಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸುಂಕದ ಸುದ್ದಿ ಶುರುವಾದಾಗಿನಿಂದ ಮಂಗಳೂರು, ಉಡುಪಿ ಕಡೆಯವರು ಕೇಳುತ್ತಿರುವ ಪ್ರಶ್ನೆಗಳು ಇವು. ಪಣಂಬೂರಿನ ಬಂದರು, ಕಾರ್ಕಳದ ಗೇರು ಕಾರ್ಖಾನೆ, ಮಲ್ಪೆಯ ಬೋಟು, ದುಬೈಯಿಂದ ಬರುವ ದುಡ್ಡು. ಹೊರದೇಶದ ನಂಟು ಇಲ್ಲದ ಮನೆ ಈ ಎರಡು ಜಿಲ್ಲೆಗಳಲ್ಲಿ ಹುಡುಕುವುದೇ ಕಷ್ಟ. ಅದಕ್ಕೇ ದೇಶದ ಲೆಕ್ಕದ ಜೊತೆಗೆ ಊರಿನ ಲೆಕ್ಕವನ್ನೂ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ಸುಂಕದ ದರಗಳು ಮೇಲಿಂದ ಮೇಲೆ ಬದಲಾಗುತ್ತಿವೆ. ವ್ಯವಹಾರ ಇರುವವರು ಆ ದಿನದ ದರ ನೋಡಿಕೊಂಡೇ ಮುಂದೆ ಹೋಗಿ.

ಜಾಗತೀಕರಣ ಹಿಂದೆ ಸರಿಯುತ್ತಿದೆ ಅಂದರೆ ಏನು? ದೇಶ ದೇಶಗಳ ವ್ಯಾಪಾರವೇ ನಿಂತುಹೋಗುತ್ತದಾ?

ಇಲ್ಲ. 2024ರಲ್ಲಿ ಜಗತ್ತಿನ ಒಟ್ಟು ವ್ಯಾಪಾರ ಸುಮಾರು 33 ಲಕ್ಷ ಕೋಟಿ ಡಾಲರ್. ಅದು ಆವರೆಗಿನ ದಾಖಲೆ. ಬದಲಾಗಿರುವುದು ಬೇರೆ ಎರಡು ಸಂಗತಿ.

ಒಂದು, ಓಟ ನಿಧಾನ ಆಗಿದೆ. 1990ರ ದಶಕದಿಂದ 2008ರವರೆಗೆ ಜಗತ್ತಿನ ಉತ್ಪಾದನೆಗಿಂತ ವ್ಯಾಪಾರ ಜೋರಾಗಿ ಬೆಳೆಯಿತು. ಆ ವರ್ಷದ ಹಣಕಾಸು ಬಿಕ್ಕಟ್ಟಿನ ನಂತರ ಆ ಏರಿಕೆ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಇನ್ನೊಂದು, ನಿಯಮಗಳ ಹಿಡಿತ ಸಡಿಲ ಆಗಿದೆ. 1995ರಲ್ಲಿ ಹುಟ್ಟಿದ ವಿಶ್ವ ವ್ಯಾಪಾರ ಸಂಸ್ಥೆಗೆ ಜಗಳ ಬಗೆಹರಿಸುವ ಒಂದು ಮೇಲ್ಮನವಿ ಪೀಠ ಇತ್ತು. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಒಪ್ಪದೆ 2019ರ ಡಿಸೆಂಬರ್‌ನಿಂದ ಅದು ಕೆಲಸ ಮಾಡುತ್ತಿಲ್ಲ. 2018ರಲ್ಲಿ ಅಮೆರಿಕ–ಚೀನಾ ಸುಂಕದ ಜಗಳ, 2020ರಲ್ಲಿ ಕೋವಿಡ್, 2022ರಲ್ಲಿ ಉಕ್ರೇನ್ ಯುದ್ಧ, 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ. ಹೀಗೆ ಒಂದರ ಮೇಲೊಂದು ಬಂತು. ಮೊದಲು ಎಲ್ಲಿ ಅಗ್ಗವೋ ಅಲ್ಲಿಂದ ತರಿಸುತ್ತಿದ್ದರು. ಈಗ ಯಾರನ್ನು ನಂಬಬಹುದು ಅಂತ ನೋಡಿ ತರಿಸುತ್ತಿದ್ದಾರೆ. ಹಾಗೆ ನೋಡುವುದಕ್ಕೆ ಖರ್ಚು ಜಾಸ್ತಿ. ಆ ಖರ್ಚು ಕೊನೆಗೆ ಅಂಗಡಿಯ ಬೆಲೆಯಲ್ಲಿ ಸೇರುತ್ತದೆ.

ನಮ್ಮ ಊರಿಗೆ ಈ ಏರಿಳಿತ ಹೊಸದಲ್ಲ. 12ನೇ ಶತಮಾನದಲ್ಲಿ ಟ್ಯುನೀಷಿಯ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ವರ್ಷಗಟ್ಟಲೆ ಮಂಗಳೂರಿನಲ್ಲಿ ನೆಲೆಸಿ ಏಡನ್ ಜೊತೆ ವ್ಯಾಪಾರ ಮಾಡಿದ್ದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಉಳಿದುಕೊಂಡು ಸಿಕ್ಕಿವೆ. ಮುಂದೆ ಪೋರ್ಚುಗೀಸರು ಬಂದರು, ಕಡಲ ದಾರಿಗೆ ಪಾಸು ಬೇಕು ಅಂದರು, ವ್ಯಾಪಾರದ ರೀತಿಯೇ ಬದಲಾಯಿತು.

ಭಾರತಕ್ಕೆ ಬೇರೆ ದೇಶಗಳಷ್ಟು ಪೆಟ್ಟು ಬೀಳುವುದಿಲ್ಲ ಅಂತಾರೆ. ನಿಜವಾ?

ಅರ್ಧ ನಿಜ. ವಿಯೆಟ್ನಾಂ ಮಾಡುವ ರಫ್ತು ಅದರ ಜಿಡಿಪಿಯ ಶೇ 80ಕ್ಕೂ ಜಾಸ್ತಿ. ನಮ್ಮದು ಸರಕು, ಸೇವೆ ಎರಡೂ ಸೇರಿ ಶೇ 21–22. ನಮ್ಮ ಜಿಡಿಪಿಯ ಸುಮಾರು ಶೇ 60 ನಮ್ಮ ಮನೆಗಳ ಖರ್ಚಿನಿಂದಲೇ ಬರುತ್ತದೆ. 2024–25ರಲ್ಲಿ ನಾವು ಹೊರಗೆ ಕಳಿಸಿದ ಸರಕು ಸುಮಾರು 43,700 ಕೋಟಿ ಡಾಲರ್‌ನದ್ದು. ಅದರಲ್ಲಿ ಅಮೆರಿಕಕ್ಕೆ ಹೋದದ್ದು ಸುಮಾರು 8,650 ಕೋಟಿ ಡಾಲರ್, ಅಂದರೆ ಜಿಡಿಪಿಯ ಶೇ 2ರಷ್ಟು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಅನೇಕ ಸರಕುಗಳಿಗೆ ಶೇ 50 ಸುಂಕ ಹಾಕಿತು. ಅದರಲ್ಲಿ ಅರ್ಧ ರಷ್ಯಾದ ತೈಲ ಕೊಂಡದ್ದಕ್ಕೆ ಅಂತ ಹೇರಿದ್ದು. ಆಗಲೂ ದೇಶದ ಒಟ್ಟು ಬೆಳವಣಿಗೆ ಕುಸಿದು ಬೀಳಲಿಲ್ಲ. ಕಾರಣ ಇದೇ.

ಆದರೆ ಸರಾಸರಿ ಲೆಕ್ಕದಲ್ಲಿ ಊರುಗಳು ಕಾಣುವುದಿಲ್ಲ. ತಿರುಪ್ಪೂರಿನ ಬನಿಯನ್ ಕಾರ್ಖಾನೆ, ಸೂರತ್‌ನ ವಜ್ರ ಉಜ್ಜುವವರು, ಆಂಧ್ರದ ಸಿಗಡಿ ಕೆರೆಗಳವರು. ಇವರ ಪಾಲಿಗೆ ಅದು ಶೇ 2 ಅಲ್ಲ, ಪೂರ್ತಿ ಬದುಕು. ಟಿವಿಯಲ್ಲಿ ‘ಭಾರತಕ್ಕೆ ಏನೂ ಆಗಲ್ಲ’ ಅನ್ನುವ ಮಾತು ಕೇಳಿದಾಗ ಇವರನ್ನು ನೆನೆಸಿಕೊಳ್ಳಬೇಕು.

ಹಾಗಾದ್ರೆ ಹೊರಗಿನವರ ಹಂಗು ಯಾಕೆ? ನಮ್ಮಲ್ಲೇ 140 ಕೋಟಿ ಜನ ಇಲ್ವಾ?

ಈ ಪುಟ ಬರೆಯುವುದಕ್ಕೆ ಮುಖ್ಯ ಕಾರಣವೇ ಈ ಪ್ರಶ್ನೆ. ಜನ ಇದ್ದಾರೆ, ಜೇಬಿನಲ್ಲಿ ದುಡ್ಡು ಕಡಿಮೆ. ನಮ್ಮ ತಲಾ ಆದಾಯ ವರ್ಷಕ್ಕೆ ಸುಮಾರು 2,700 ಡಾಲರ್. 140 ಕೋಟಿ ಗಿರಾಕಿಗಳು ಅಂತ ಲೆಕ್ಕ ಹಾಕಿ ಕಾರ್ಖಾನೆ ಕಟ್ಟಿದರೆ, ನಿಜವಾಗಿ ಆ ಮಾಲು ಕೊಳ್ಳುವವರು ಅದರಲ್ಲಿ ಸಣ್ಣ ಪಾಲು. ದೇಶದ ಕೆಲಸಗಾರರಲ್ಲಿ ಇನ್ನೂ ಶೇ 46ರಷ್ಟು ಮಂದಿ ಕೃಷಿಯಲ್ಲೇ ಇದ್ದಾರೆ. 2030ರವರೆಗೆ ಕೃಷಿಯ ಹೊರಗೆ ವರ್ಷಕ್ಕೆ 78.5 ಲಕ್ಷ ಹೊಸ ಕೆಲಸ ಹುಟ್ಟಬೇಕು ಅಂತ ಕೇಂದ್ರ ಸರ್ಕಾರದ್ದೇ 2023–24ರ ಆರ್ಥಿಕ ಸಮೀಕ್ಷೆ ಹೇಳಿದೆ. ಇಷ್ಟು ಕೆಲಸ ಒಳಗಿನ ಕೊಳ್ಳುವಿಕೆಯಿಂದ ಮಾತ್ರ ಹುಟ್ಟಿದ ಉದಾಹರಣೆ ಏಷ್ಯಾದಲ್ಲಿ ಇಲ್ಲ. ಜಪಾನ್, ಕೊರಿಯಾ, ತೈವಾನ್, ಚೀನಾ, ಈಗ ವಿಯೆಟ್ನಾಂ. ಎಲ್ಲರೂ ಹೊರಗಿನ ಗಿರಾಕಿಗೆ ಮಾಲು ಮಾಡಿಯೇ ತಮ್ಮ ಹೊಲದ ಜನರನ್ನು ಕಾರ್ಖಾನೆಗೆ ತಂದರು.

ಬಟ್ಟೆಯ ಲೆಕ್ಕ ನೋಡಿ. ಬಾಂಗ್ಲಾದೇಶ ವರ್ಷಕ್ಕೆ ಹತ್ತಿರ ಹತ್ತಿರ 4,000 ಕೋಟಿ ಡಾಲರ್‌ನ ಸಿದ್ಧ ಉಡುಪು ಕಳಿಸುತ್ತದೆ. ನಾವು ಸುಮಾರು 1,600 ಕೋಟಿ. ನಮ್ಮಲ್ಲಿ ಹತ್ತಿ ಉಂಟು, ಕೈ ಉಂಟು. ಜಾಗತೀಕರಣ ಜೋರಾಗಿದ್ದ ಕಾಲದಲ್ಲೇ ನಾವು ಆ ಬಸ್ಸು ಹತ್ತಲಿಲ್ಲ ಎನ್ನುವುದು ನನ್ನ ದೊಡ್ಡ ಬೇಸರ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ ದಂಡೆಯ ಜೇಡಿ, ನಮ್ಮವರ ಕೈ. ಮಂಗಳೂರು ಹಂಚು ಬರ್ಮಾ, ಸಿಲೋನ್, ಪೂರ್ವ ಆಫ್ರಿಕ, ಆಸ್ಟ್ರೇಲಿಯದವರೆಗೆ ಹೋಯಿತು. ಬರೇ ಇಲ್ಲಿನ ಮನೆಗಳಿಗೆ ಮಾಡಿದ್ದರೆ ನದಿಯುದ್ದಕ್ಕೂ ಅಷ್ಟು ಚಿಮಣಿ ಏಳುತ್ತಿರಲಿಲ್ಲ. ಒಳಗಿನ ಮಾರುಕಟ್ಟೆ ನಮ್ಮನ್ನು ಬೀಳದ ಹಾಗೆ ಹಿಡಿಯುತ್ತದೆ ನಿಜ, ಆದರೆ ಮೇಲಕ್ಕೆ ಎತ್ತುವ ಶಕ್ತಿ ಅದಕ್ಕೆ ಇನ್ನೂ ಬಂದಿಲ್ಲ.

ನಮ್ಮ ಗೇರುಬೀಜದ ಕಾರ್ಖಾನೆಗಳ ಕಥೆ ಏನು?

ಜಾಗತೀಕರಣ ಹೇಗೆ ಬಂತು, ಹೇಗೆ ಹೋಗುತ್ತಿದೆ ಅನ್ನುವುದನ್ನು ನೋಡಬೇಕಾದರೆ ಗೇರಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮರ ಬಂದದ್ದು ಬ್ರೆಜಿಲ್‌ನಿಂದ, ಪೋರ್ಚುಗೀಸರ ಕೈಯಲ್ಲಿ. ಕಾರ್ಖಾನೆ ಶುರುವಾದದ್ದು 1920ರ ದಶಕದಲ್ಲಿ, ಇದೇ ಮಂಗಳೂರಿನಲ್ಲಿ. ಗಿರಾಕಿ ಅಮೆರಿಕ. ನಮ್ಮ ಗುಡ್ಡದ ಬೀಜ ಸಾಲದೆ ಆಫ್ರಿಕದಿಂದ ಬೀಜ ತರಿಸಿ, ಇಲ್ಲಿನ ಹೆಂಗಸರ ಕೈಯಲ್ಲಿ ಒಡೆಸಿ, ಸಿಪ್ಪೆ ತೆಗೆಸಿ, ಹೊರಗೆ ಕಳಿಸುವುದು. ಇದು ದಶಕಗಟ್ಟಲೆ ನಡೆದ ವ್ಯಾಪಾರ.

ಕಾರ್ಖಾನೆಯ ಒಳಗೆ ಹೋದವರಿಗೆ ಗೊತ್ತು. ಬೀಜವನ್ನು ಆವಿಯಲ್ಲಿ ಬೇಯಿಸಿ ಆರಿಸುತ್ತಾರೆ. ಕಟ್ಟಿಂಗ್‌ನಲ್ಲಿ ಓಡು ಬಿಡಿಸುತ್ತಾರೆ. ಬೋರ್ಮಾದಲ್ಲಿ ಒಣಗಿಸಿದ ಮೇಲೆ ಕೆಂಪು ಸಿಪ್ಪೆ ತೆಗೆಯುತ್ತಾರೆ. ಆಮೇಲೆ ಗ್ರೇಡಿಂಗ್. ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ತಿರುಳು. ತಿರುಳು ದಪ್ಪ ಆದಷ್ಟು ನಂಬರು ಸಣ್ಣದು, ರೇಟು ದೊಡ್ಡದು. 180 ನಂಬರಿನದು ರಾಜ. ಮೂಟೆ ಕೊಳ್ಳುವಾಗ ಮಾಲೀಕರು ಮೊದಲು ಕೇಳುವುದು ಔಟ್‌ಟರ್ನ್: 80 ಕೆ.ಜಿ. ಬೀಜಕ್ಕೆ ಎಷ್ಟು ಪೌಂಡ್ ತಿರುಳು ಬೀಳುತ್ತದೆ ಎಂದು. ಒಂದೆರಡು ಪೌಂಡ್ ಕಡಿಮೆಯಾದರೆ ಆ ಲೋಡಿನ ಲಾಭವೇ ಹೋಯಿತು. ಇಷ್ಟು ಸಣ್ಣ ಅಂಚಿನ ಮೇಲೆ ನಡೆಯುವ ಉದ್ಯಮ ಇದು.

ಈಗ ಮೂರು ಕಡೆಯಿಂದ ಒತ್ತಡ. ವಿಯೆಟ್ನಾಂ ಯಂತ್ರ ಹಾಕಿ ನಮ್ಮನ್ನು ಹಿಂದೆ ಹಾಕಿತು. ಈಗ ತಿರುಳಿನ ರಫ್ತಿನಲ್ಲಿ ಅವರೇ ಮುಂದೆ. ಎರಡನೆಯದು ಆಫ್ರಿಕ. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಹಸಿ ಬೀಜದ ರಫ್ತು ನಿಲ್ಲಿಸುವುದಾಗಿ ಘೋಷಿಸಿತು. ಐವರಿ ಕೋಸ್ಟ್ ತನ್ನ ಕಾರ್ಖಾನೆಗಳಿಗೆ ಬೀಜ ಮೊದಲು ಸಿಗಲಿ ಅಂತ ನಿಯಮ ಮಾಡಿದೆ. ನಮಗೆ ಸಿಟ್ಟು ಬರಬಹುದು. ಆದರೆ ಅವರ ಬೀಜವನ್ನು ಅವರೇ ಒಡೆದು, ಅವರ ಹೆಂಗಸರಿಗೆ ಕೂಲಿ ಕೊಡಬೇಕು ಅನ್ನುವುದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ನೂರು ವರ್ಷದ ಹಿಂದೆ ನಾವು ಮಾಡಿದ್ದೂ ಅದೇ ಅಲ್ವಾ? ಮೂರನೆಯದು ಸುಂಕ. ಹಸಿ ಬೀಜ ತರಿಸುವುದಕ್ಕೆ ನಮ್ಮದೇ ಸರ್ಕಾರ ಸುಂಕ ಹಾಕುತ್ತದೆ. 2018ರಲ್ಲಿ ಅದನ್ನು ಶೇ 5ರಿಂದ 2.5ಕ್ಕೆ ಇಳಿಸಿದ್ದರೂ ಪೂರ್ತಿ ತೆಗೆಯಿರಿ ಎಂದು ಉದ್ಯಮದವರು ಕೇಳುತ್ತಲೇ ಬಂದರು. ಇನ್ನೊಂದು ಕಡೆ ಹೊರಗಿನ ಅಗ್ಗದ ತಿರುಳು ಇಲ್ಲಿಗೆ ನುಗ್ಗದಿರಲಿ ಅಂತ 2019ರಲ್ಲಿ ಕೆ.ಜಿ.ಗೆ ಇಡೀ ತಿರುಳಿಗೆ 720 ರೂಪಾಯಿ, ತುಂಡಿಗೆ 680 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದರು.

ಹೀಗಿದ್ದೂ ಕಾರ್ಖಾನೆಗಳು ಉಳಿದದ್ದು ಹೇಗೆ? ದೇಶದೊಳಗಿನ ಗಿರಾಕಿಯಿಂದ. ಭಾರತದವರಷ್ಟು ಗೇರುಬೀಜ ತಿನ್ನುವವರು ಈಗ ಜಗತ್ತಿನಲ್ಲಿ ಬೇರೆ ಇಲ್ಲ. ದೀಪಾವಳಿಯ ಡಬ್ಬ, ಕಾಜೂ ಕತ್ಲಿ, ಹೋಟೆಲಿನ ಗ್ರೇವಿ. ಅಮೆರಿಕ ಬೇಡ ಅಂದ ತುಂಡು ತಿರುಳಿಗೂ ಇಲ್ಲಿ ಬೆಲೆ ಉಂಟು. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಮಾತು ಇಲ್ಲಿ ಕಣ್ಣಿಗೆ ಕಾಣುತ್ತದೆ: ಒಳಗಿನ ಮಾರುಕಟ್ಟೆ ಉದ್ಯಮವನ್ನು ಉಳಿಸಿತು. ಕೂಲಿ, ಯಂತ್ರ, ಗುಣಮಟ್ಟ ಮೇಲೆ ಹೋಗುವ ಒತ್ತಡ ಮಾತ್ರ ಕಡಿಮೆಯಾಯಿತು. ಆ ಒತ್ತಡವನ್ನು ವಿಯೆಟ್ನಾಂನವರು ಹೊತ್ತರು, ಅದಕ್ಕೇ ಮುಂದೆ ಹೋದರು.

ಮಲ್ಪೆ, ಮಂಗಳೂರಿನ ಮೀನಿಗೆ ಅಮೆರಿಕದ ಸುಂಕ ತಟ್ಟುತ್ತದಾ?

ನೇರವಾಗಿ ಕಡಿಮೆ. ಅಮೆರಿಕಕ್ಕೆ ಹೋಗುವುದು ಮುಖ್ಯವಾಗಿ ಆಂಧ್ರದ ಕೆರೆಗಳಲ್ಲಿ ಸಾಕಿದ ವನ್ನಾಮೆ ಸಿಗಡಿ. ನಮ್ಮದು ಕಡಲಿನದು. ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಸಾಧನ ಇಲ್ಲ ಅನ್ನುವ ಕಾರಣಕ್ಕೆ ಭಾರತದ ಕಡಲ ಸಿಗಡಿಗೆ ಅಮೆರಿಕ 2019ರಿಂದಲೇ ಬಾಗಿಲು ಹಾಕಿದೆ. ಸುಂಕಕ್ಕಿಂತ ಮೊದಲೇ ಆ ದಾರಿ ಮುಚ್ಚಿತ್ತು. ಬಲೆಗೆ ಆ ಸಾಧನ ಹಾಕಿದ್ದರೆ ತೆರೆಯುತ್ತಿದ್ದ ಬಾಗಿಲು ಇದು.

ನಮ್ಮ ಮೀನಿನ ದಾರಿ ಬೇರೆ. ಬಂಗುಡೆ, ಬೂತಾಯಿ ಬಂದರೆ ಊರವರೇ ತಿನ್ನುತ್ತಾರೆ, ಕೇರಳಕ್ಕೆ ಲಾರಿ ಹೋಗುತ್ತದೆ, ಉಳಿದದ್ದು ಮೀನಿನ ಹಿಟ್ಟಿನ ಕಾರ್ಖಾನೆಗೆ. ಆಳಕಡಲಿನ ಬೋಟುಗಳು ತರುವ ಪಾಂಬೊಲು, ಬೊಂಡಾಸು (ಸ್ಕ್ವಿಡ್), ರಾಣಿ ಮೀನು ಹಾಗಲ್ಲ. ಬೆಳ್ಳಿ ಪಟ್ಟಿಯ ಹಾಗೆ ಉದ್ದಕ್ಕೆ ಇರುವ ಪಾಂಬೊಲನ್ನು ಇಲ್ಲಿ ಕೇಳುವವರು ಕಡಿಮೆ. ಅದನ್ನು ಕೊಳ್ಳುವುದು ಚೀನಾ. ಬೊಂಡಾಸು ಯುರೋಪಿಗೆ. ರಾಣಿ ಮೀನು ಸುರಿಮಿ, ಅಂದರೆ ಅರೆದ ಮೀನಿನ ಮುದ್ದೆ, ಆಗಿ ಜಪಾನ್, ಆಗ್ನೇಯ ಏಷ್ಯಾಕ್ಕೆ. ಗೇರಿನ ಹಾಗೆ ಇವಕ್ಕೆ ಊರಿನ ಗಿರಾಕಿಯ ಆಸರೆ ಇಲ್ಲ. ಚೀನಾದ ಬಂದರಿನಲ್ಲಿ ತಪಾಸಣೆ ಬಿಗಿಯಾದರೆ ಆ ವಾರವೇ ಮಲ್ಪೆಯ ಹರಾಜಿನಲ್ಲಿ ರೇಟು ಇಳಿಯುತ್ತದೆ. ಬೋಟಿನ ಡೀಸೆಲ್, ಐಸಿನ ಖರ್ಚು ಮಾತ್ರ ಇಳಿಯುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ಮಾತು: ಆ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ಈಗ ಒಡಿಶಾ, ಜಾರ್ಖಂಡ್, ಆಂಧ್ರದವರು ತುಂಬಾ ಜನ. ರಫ್ತು ಕುಸಿದರೆ ಆ ಪೆಟ್ಟು ಉಡುಪಿಯಲ್ಲಿ ನಿಲ್ಲುವುದಿಲ್ಲ, ಅವರ ಊರಿನವರೆಗೂ ಹೋಗುತ್ತದೆ.

ಚೀನಾ ಬಿಟ್ಟು ಬರುವ ಕಾರ್ಖಾನೆಗಳೆಲ್ಲ ಭಾರತಕ್ಕೆ ಬರುತ್ತವಂತೆ, ಹೌದಾ?

ಕೆಲವು ಬಂದಿವೆ. ಮೊಬೈಲ್ ಫೋನ್ ಅದಕ್ಕೆ ಒಳ್ಳೆಯ ಸಾಕ್ಷಿ. 2024–25ರಲ್ಲಿ ಸುಮಾರು 2,400 ಕೋಟಿ ಡಾಲರ್‌ನ ಸ್ಮಾರ್ಟ್‌ಫೋನ್ ರಫ್ತಾಯಿತು. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಕಾರ್ಖಾನೆ ಎದ್ದಿದೆ. 2020ರಲ್ಲಿ ಶುರುವಾದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆ ಇದಕ್ಕೆ ನೆರವಾಯಿತು. ಅದೇ ಯೋಜನೆ ಉಳಿದ ಎಷ್ಟೋ ಉದ್ಯಮಗಳಲ್ಲಿ ಇಷ್ಟು ಫಲ ಕೊಟ್ಟಿಲ್ಲ.

ತೊಡಕು ಏನು ಅಂದರೆ, ಚೀನಾದಿಂದ ದೂರ ಹೋಗಬೇಕಾದರೂ ಚೀನಾದ ಬಿಡಿಭಾಗವೇ ಬೇಕು. 2024–25ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರ ಕೊರತೆ ಸುಮಾರು 9,900 ಕೋಟಿ ಡಾಲರ್. 2025ರ ಏಪ್ರಿಲ್‌ನಲ್ಲಿ ಅವರು ವಾಹನದ ಮೋಟಾರಿಗೆ ಬೇಕಾದ ರೇರ್ ಅರ್ತ್ ಮ್ಯಾಗ್ನೆಟ್‌ನ ರಫ್ತಿಗೆ ಲೈಸೆನ್ಸ್ ನಿಯಮ ತಂದಾಗ ನಮ್ಮ ವಾಹನ ಕಂಪನಿಗಳು ಪರದಾಡಿದವು. ನಮ್ಮ ಸರಾಸರಿ ಆಮದು ಸುಂಕ ಶೇ 16ರ ಆಸುಪಾಸು. ವಿಯೆಟ್ನಾಂನದ್ದು ಇದಕ್ಕಿಂತ ತುಂಬಾ ಕಡಿಮೆ. ಬಿಡಿಭಾಗಕ್ಕೇ ಸುಂಕ ಹಾಕಿ, ಆಮೇಲೆ ಸಿದ್ಧ ಮಾಲನ್ನು ಅಗ್ಗಕ್ಕೆ ಮಾರಿ ಅಂದರೆ ಹೇಗೆ? ಸ್ವಾವಲಂಬನೆ ಎಂಬ ಹೆಸರಿನಲ್ಲಿ ನಮ್ಮ ಸಣ್ಣ ಕಾರ್ಖಾನೆಗಳ ಕೈಯನ್ನು ನಾವೇ ಕಟ್ಟುತ್ತಿದ್ದೇವೆ. ಬೈಕಂಪಾಡಿಯ ಸಣ್ಣ ಘಟಕದವರಿಗೆ ಸಬ್ಸಿಡಿಗಿಂತ ಅಗ್ಗದ ಕಚ್ಚಾಮಾಲು, ತಪ್ಪದ ಕರೆಂಟು ಮುಖ್ಯ.

ಮಗ ದುಬೈಯಲ್ಲಿದ್ದಾನೆ, ಮಗಳು ಅಮೆರಿಕಕ್ಕೆ ಹೋಗುವ ಯೋಚನೆಯಲ್ಲಿದ್ದಾಳೆ. ನಮಗೆ ಏನು ಸಲಹೆ?

ಹೊರಗಿನಿಂದ ಮನೆಗೆ ದುಡ್ಡು ಕಳಿಸುವುದರಲ್ಲಿ ಭಾರತೀಯರೇ ಜಗತ್ತಿಗೆ ಮೊದಲು. 2024–25ರಲ್ಲಿ ಅದು 13,500 ಕೋಟಿ ಡಾಲರ್ ದಾಟಿತು. ರಿಸರ್ವ್ ಬ್ಯಾಂಕಿನ 2023–24ರ ಸಮೀಕ್ಷೆಯ ಪ್ರಕಾರ ಅದರಲ್ಲಿ ಅಮೆರಿಕದ ಪಾಲು ಶೇ 27.7. ಯುಎಇಯದ್ದು ಶೇ 19ರಷ್ಟು. ಒಂದು ಕಾಲದಲ್ಲಿ ಅರ್ಧಕ್ಕೂ ಜಾಸ್ತಿ ಇದ್ದ ಗಲ್ಫ್ ದೇಶಗಳ ಒಟ್ಟು ಪಾಲು ಶೇ 38ಕ್ಕೆ ಇಳಿದಿದೆ.

ಗಲ್ಫ್‌ನಲ್ಲಿ ಇರುವವರಿಗೆ ತಕ್ಷಣದ ಭಯ ಬೇಡ. ಯುಎಇ ಜೊತೆ 2022ರ ಮೇ 1ರಿಂದ ವ್ಯಾಪಾರ ಒಪ್ಪಂದ ಇದೆ. ಆದರೆ ಆ ಕಡೆ ಎಲ್ಲ ದೇಶಗಳೂ ತಮ್ಮವರಿಗೆ ಕೆಲಸ ಮೀಸಲಿಡುತ್ತಿವೆ. ಗುಮಾಸ್ತೆ, ಸೇಲ್ಸ್ ಕೆಲಸಗಳು ಮೊದಲಿನಷ್ಟು ಸಲೀಸಲ್ಲ. ನರ್ಸಿಂಗ್, ವೆಲ್ಡಿಂಗ್, ಎಸಿ ಮೆಕ್ಯಾನಿಕ್, ಲ್ಯಾಬ್ ಟೆಕ್ನಿಷಿಯನ್ ಹೀಗೆ ಕೈಯಲ್ಲಿ ಕಸುಬು ಇದ್ದವರಿಗೆ ಬೇಡಿಕೆ ಉಂಟು.

ಅಮೆರಿಕದ ವಿಷಯ ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್–1ಬಿ (ಅಲ್ಲಿ ಕೆಲಸ ಮಾಡುವ ವೀಸಾ) ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಸಾಲ ಮಾಡಿ ಎಂ.ಎಸ್. ಮುಗಿಸಿ ಅಲ್ಲೇ ಕೆಲಸ ಹಿಡಿದು ಸಾಲ ತೀರಿಸುತ್ತೇನೆ ಅನ್ನುವ ಲೆಕ್ಕ ಈಗ ಅಪಾಯದ್ದು. ಮನೆ ಅಡವಿಟ್ಟು ಕಳಿಸುವುದಕ್ಕೆ ಮುಂಚೆ ಎರಡು ಸಲ ಯೋಚಿಸಿ. ಅಲ್ಲಿಂದ ನಗದು ರೂಪದಲ್ಲಿ ಕಳಿಸುವ ದುಡ್ಡಿಗೆ 2026ರ ಜನವರಿಯಿಂದ ಶೇ 1 ತೆರಿಗೆ ಇದೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಅದು ತಟ್ಟುವುದಿಲ್ಲ.

ಸಮಾಧಾನದ ಸುದ್ದಿ ಸೇವೆಗಳ ರಫ್ತು. 2024–25ರಲ್ಲಿ ಸುಮಾರು 38,700 ಕೋಟಿ ಡಾಲರ್. ವಿದೇಶಿ ಕಂಪನಿಗಳು ತಮ್ಮ ಲೆಕ್ಕಪತ್ರ, ವಿನ್ಯಾಸ, ಸಾಫ್ಟ್‌ವೇರ್ ಕೆಲಸಕ್ಕೆ ಭಾರತದಲ್ಲಿ 1,700ಕ್ಕೂ ಹೆಚ್ಚು ಸ್ವಂತ ಕೇಂದ್ರ ತೆರೆದಿವೆ. ಜನರನ್ನು ಬರಬೇಡಿ ಅಂದಷ್ಟೂ ಕೆಲಸವೇ ಇಲ್ಲಿಗೆ ಬರುತ್ತಿದೆ. ಅದರಲ್ಲಿ ಬಹುಪಾಲು ಬೆಂಗಳೂರು, ಹೈದರಾಬಾದಿಗೆ. ಸುರತ್ಕಲ್ಲಿನ ಎನ್‌ಐಟಿಕೆ, ಮಣಿಪಾಲ, ನಿಟ್ಟೆ ಇರುವ ಈ ಕರಾವಳಿಯಲ್ಲಿ ಓದಿದ ಮಕ್ಕಳು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವುದು ತಪ್ಪಬೇಕು. ಇದು ಆಗುವ ಕೆಲಸ, ಮನಸ್ಸು ಮಾಡಬೇಕು.

ಡಾಲರ್ 90 ರೂಪಾಯಿ ದಾಟಿದ್ದು ಒಳ್ಳೆಯದಾ, ಕೆಟ್ಟದ್ದಾ?

2025ರ ಡಿಸೆಂಬರ್‌ನಲ್ಲಿ ದಾಟಿತು. ದಿರ್ಹಮ್ ಡಾಲರಿಗೆ ಕಟ್ಟಿದ ನಾಣ್ಯ, 3.67ಕ್ಕೆ ಒಂದು ಡಾಲರ್. ಹಾಗಾಗಿ ಡಾಲರ್ ಏರಿದರೆ ದುಬೈಯ ಸಂಬಳವೂ ರೂಪಾಯಿಯಲ್ಲಿ ಏರುತ್ತದೆ. ಕಾಫಿ, ಮೀನು, ಗೇರು ಕಳಿಸುವವರಿಗೂ ಲಾಭ. ಗೇರಿಗೆ ಅರ್ಧ ಲಾಭ ಅಷ್ಟೇ, ಯಾಕೆಂದರೆ ಬೀಜ ತರಿಸುವುದೂ ಡಾಲರಿನಲ್ಲೇ. ಗ್ಯಾಸ್, ಪೆಟ್ರೋಲ್, ಅಡುಗೆ ಎಣ್ಣೆ ಕೊಳ್ಳುವ ಎಲ್ಲರಿಗೂ ನಷ್ಟ.

ಹೊರಗೆ ಯುದ್ಧ ಆದರೆ ಪೆಟ್ರೋಲ್, ಗ್ಯಾಸ್, ಎಣ್ಣೆಯ ಗತಿ?

ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನದು. ಅಡುಗೆ ಎಣ್ಣೆಯಲ್ಲೂ ಅರ್ಧಕ್ಕಿಂತ ಜಾಸ್ತಿ. ಪೊಟ್ಯಾಷ್ ಗೊಬ್ಬರ ಪೂರ್ತಿ ಹೊರಗಿನದೇ. ನಮ್ಮ ದೇಶದ ನಿಜವಾದ ದುರ್ಬಲ ಜಾಗ ಇದು, ಅಮೆರಿಕದ ಸುಂಕ ಅಲ್ಲ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಕೆಲವು ವಾರ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಅದೇ ಹೊತ್ತಿಗೆ ಉಕ್ರೇನಿನ ಸೂರ್ಯಕಾಂತಿ ಎಣ್ಣೆಯೂ ಬರಲಿಲ್ಲ. ಆಗ ದಿನಸಿ ಅಂಗಡಿಯ ಬಿಲ್ಲು ಎಷ್ಟಾಗಿತ್ತು ಎಂದು ಮನೆ ನಡೆಸುವವರನ್ನು ಕೇಳಿ.

ತೈಲದ ವಿಷಯದಲ್ಲಿ ದೇಶದ ದೊಡ್ಡ ಉಗ್ರಾಣ ಇರುವುದು ನಮ್ಮ ಕಾಲಡಿಯಲ್ಲೇ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದ ಗುಹೆಗಳಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಕಚ್ಚಾ ತೈಲ ಇಡುವ ಜಾಗ ಉಂಟು. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಲುತ್ತದೆ. ಇದು ಕಡಿಮೆ. ತೈಲ ಕಂಪನಿಗಳ ಸ್ವಂತ ದಾಸ್ತಾನು ಬೇರೆ ಇದೆ. ಅಡುಗೆ ಗ್ಯಾಸಿಗೆ ಅಂಥ ಆಸರೆ ಇನ್ನೂ ತೀರಾ ಸಣ್ಣದು. ಮಂಗಳೂರಿನಲ್ಲಿ ಎಚ್‌ಪಿಸಿಎಲ್ ಕಟ್ಟಿದ 80,000 ಟನ್ ಗುಹೆ ಒಳ್ಳೆಯ ಹೆಜ್ಜೆ. ಅಡುಗೆ ಗ್ಯಾಸಿನ ಬಹುಪಾಲು ಹೊರ್ಮುಜ್ ಜಲಸಂಧಿ ದಾಟಿ ಬರಬೇಕು ಅನ್ನುವುದನ್ನು ನೆನೆದರೆ ಇನ್ನೂ ನಾಲ್ಕಾರು ಬೇಕು.

ಈ ಗುಹೆ, ಪೈಪ್‌ಲೈನುಗಳಿಗೆ ಜಾಗ ಬಿಟ್ಟುಕೊಟ್ಟವರು ಇಲ್ಲಿನ ಕೃಷಿಕರು. ದೇಶದ ಭದ್ರತೆಗೆ ಅವರು ಕೊಟ್ಟದ್ದಕ್ಕೆ ತಕ್ಕ ಬೆಲೆ, ಗೌರವ ಸಿಗಬೇಕು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅಡಿಕೆಗೆ ಸುಂಕದ ರಕ್ಷಣೆ ಒಳ್ಳೆಯದೇ ಅಲ್ವಾ? ಹಾಗಾದರೆ ಸುಂಕ ಕೆಟ್ಟದ್ದು ಅಂತ ಹೇಗೆ ಹೇಳುತ್ತೀರಿ?

ಸರಿಯಾದ ಪ್ರಶ್ನೆ. ಅಡಿಕೆಗೆ ಶೇ 100 ಆಮದು ಸುಂಕ ಇದೆ. ಅದರ ಮೇಲೆ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದರು. ಪುತ್ತೂರು, ಸುಳ್ಯ, ಬೆಳ್ತಂಗಡಿಯ ಸಣ್ಣ ತೋಟದವರು ಇದರಿಂದ ಉಸಿರಾಡಿದ್ದಾರೆ. ಒಂದೆರಡು ಎಕರೆಯವರನ್ನು ದಿಢೀರ್ ಪೈಪೋಟಿಗೆ ತಳ್ಳುವುದು ಸರಿಯಲ್ಲ. ಇದಕ್ಕೆ ನನ್ನ ಒಪ್ಪಿಗೆ ಇದೆ.

ಆದರೆ ಅಡಿಕೆ ಬೇರೆ, ಬಿಡಿಭಾಗ ಬೇರೆ. ಅಡಿಕೆ ಕೊನೆಯ ಮಾಲು. ಅದನ್ನು ತಡೆದರೆ ಬೇರೆ ಕಾರ್ಖಾನೆ ನಿಲ್ಲುವುದಿಲ್ಲ. ಮತ್ತೆ, ಸುಂಕದ ಗೋಡೆ ಎಷ್ಟು ಎತ್ತರ ಆದರೂ ಬರ್ಮಾ ಗಡಿಯಿಂದ ಕಳ್ಳ ಅಡಿಕೆ ಬರುತ್ತಲೇ ಇದೆ. ಎಲೆಚುಕ್ಕಿ, ಹಳದಿ ಎಲೆ ರೋಗಕ್ಕೆ ಸುಂಕ ಮದ್ದಲ್ಲ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದರು. ಅಡಿಕೆಯ ಜೊತೆ ಕೊಕ್ಕೊವನ್ನೂ ಹಿಡಿದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು ಆ ಸಂಸ್ಥೆ. ರಕ್ಷಣೆ ಸಿಕ್ಕ ಸಮಯವನ್ನು ಹೀಗೆ ಬಳಸಬೇಕು.

1991ಕ್ಕಿಂತ ಹಿಂದಿನ ಕಾಲಕ್ಕೆ ವಾಪಸ್ ಹೋಗುತ್ತೇವಾ?

ಇಲ್ಲ. ಆಗ ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟಿತ್ತು, ಚಿನ್ನ ಅಡವಿಟ್ಟೆವು. 2025ರಲ್ಲಿ ಅದು 70,000 ಕೋಟಿ ಡಾಲರ್ ಆಸುಪಾಸಿನಲ್ಲಿತ್ತು. ಪೆಟ್ಟು ತಾಳುವ ಶಕ್ತಿ ಬಂದಿದೆ.

ಬೇರೆ ದೇಶಗಳ ಜೊತೆ ಮಾಡಿಕೊಳ್ಳುತ್ತಿರುವ ಒಪ್ಪಂದಗಳಿಂದ ನಮಗೇನು ಸಿಗುತ್ತದೆ?

2019ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಭಾರತ ಆರ್‌ಸಿಇಪಿ ಎಂಬ ದೊಡ್ಡ ಏಷ್ಯಾ ಒಪ್ಪಂದದಿಂದ ಹೊರಗೆ ಬಂತು. ಚೀನಾದ ಮಾಲು, ಹೊರಗಿನ ಹಾಲು, ಅಡಿಕೆ, ಕಾಳುಮೆಣಸು ನುಗ್ಗುತ್ತವೆ ಅನ್ನುವ ಹೆದರಿಕೆಗೆ ಕಾರಣ ಇತ್ತು. ಆಮೇಲೆ ನಿಲುವು ಬದಲಾಯಿತು. ಯುಎಇ, ಆಸ್ಟ್ರೇಲಿಯ, ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಗುಂಪು, 2025ರ ಜುಲೈನಲ್ಲಿ ಬ್ರಿಟನ್. ಐರೋಪ್ಯ ಒಕ್ಕೂಟದ ಜೊತೆ ವರ್ಷಗಟ್ಟಲೆ ಎಳೆದ ಮಾತುಕತೆ 2026ರ ಜನವರಿಯಲ್ಲಿ ಮುಗಿಯಿತು. ಅಮೆರಿಕ ಬಾಗಿಲು ಅರ್ಧ ಮುಚ್ಚಿದ ಮೇಲೆ ಉಳಿದ ಬಾಗಿಲು ತಟ್ಟುವ ಅವಸರ ಜಾಸ್ತಿಯಾಯಿತು. ಇಷ್ಟು ವರ್ಷದಲ್ಲಿ ಆದ ಅತ್ಯಂತ ಒಳ್ಳೆಯ ತಿರುವು ಇದು ಅಂತ ನನ್ನ ಅಭಿಪ್ರಾಯ.

ನಮಗೆ ಹತ್ತಿರದ್ದು ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ಚಿಕ್ಕಮಗಳೂರು, ಕೊಡಗಿನಿಂದ ಘಾಟಿ ಇಳಿದು ಪಣಂಬೂರಿಗೆ ಬರುತ್ತದೆ. ದೊಡ್ಡ ಗಿರಾಕಿ ಇಟಲಿ, ಜರ್ಮನಿ, ಬೆಲ್ಜಿಯಂ. ಅಲ್ಲಿ ಸುಂಕಕ್ಕಿಂತ ನಿಯಮದ ತಲೆನೋವು ಜಾಸ್ತಿ. ಕಾಡು ಕಡಿದು ಬೆಳೆದದ್ದಲ್ಲ ಅಂತ ಪ್ರತಿ ತೋಟದ ಗುರುತು ಕೊಟ್ಟು ತೋರಿಸಬೇಕು ಅನ್ನುವ ಯುರೋಪಿನ ಕಾನೂನು ಬರುತ್ತಿದೆ. ಮರದ ನೆರಳಿನಲ್ಲಿ ಕಾಫಿ ಬೆಳೆಯುವ ನಮ್ಮವರಿಗೆ ಇದು ವರವೂ ಆಗಬಹುದು. ಆದರೆ ಸಣ್ಣ ಬೆಳೆಗಾರರ ಕೈಯಲ್ಲಿ ಕಾಗದಪತ್ರ ಸರಿಯಾಗಿರಬೇಕು. ಪಹಣಿಯಲ್ಲಿ ಅಜ್ಜನ ಹೆಸರು ಇನ್ನೂ ಹಾಗೇ ಇರುವ ತೋಟಗಳು ಎಷ್ಟಿಲ್ಲ?

ದಕ್ಷಿಣ ಕನ್ನಡ, ಉಡುಪಿಗೆ ಈಗ ಆಗಬೇಕಾದ ಕೆಲಸ ಏನು?

ತಲಾ ಆದಾಯದಲ್ಲಿ ಬೆಂಗಳೂರು ನಗರದ ನಂತರ ದಕ್ಷಿಣ ಕನ್ನಡ. ಹಾಗಾಗಿ ದುಡ್ಡೇ ಇಲ್ಲ ಅನ್ನುವ ಮಾತು ಇಲ್ಲ. ದುಡ್ಡು ಹಾಕುವ ಜಾಗ ಇಲ್ಲಿ ಕಡಿಮೆ. 1928ರಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಮನೆ ಬಾಗಿಲಿಗೆ ಬಂದು ಸೇರಿಸಿಕೊಂಡು ಊರಿನ ಉದ್ಯಮಕ್ಕೆ ಸಾಲ ಕೊಟ್ಟ ಜಿಲ್ಲೆ ಇದು. ಇಲ್ಲಿ ಹುಟ್ಟಿದ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು 2019–20ರಲ್ಲಿ ಬೇರೆ ಬ್ಯಾಂಕುಗಳ ಜೊತೆ ವಿಲೀನವಾದವು. ಇಲ್ಲಿನ ಠೇವಣಿ ಇಲ್ಲಿನ ಸಣ್ಣ ರಫ್ತುದಾರರಿಗೆ ಸಾಲವಾಗಿ ಸಿಗಬೇಕು ಅಂತ ಸಹಕಾರಿ ಸಂಘಗಳೂ ಉಳಿದ ಬ್ಯಾಂಕುಗಳೂ ಒಟ್ಟಿಗೆ ಕೂತು ಯೋಚಿಸಬೇಕು.

ಅದಕ್ಕಿಂತ ತುರ್ತಾಗಿ ಸರಿಯಾಗಬೇಕಾದ್ದು ಮಾಲು ಸಾಗಿಸುವ ದಾರಿ. ಹೊರದೇಶದ ಗಿರಾಕಿ ಈಗ ಕೇಳುವುದು ರೇಟು ಮಾತ್ರ ಅಲ್ಲ, ಮಾಲು ಯಾವ ದಿನ ಮುಟ್ಟುತ್ತದೆ ಎಂದು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಕಾಫಿಯ ಲಾರಿ ಸಕಲೇಶಪುರದಲ್ಲೇ ನಿಲ್ಲುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿ ಸುಮಾರು 55 ಕಿ.ಮೀ., ಅದರಲ್ಲಿ 57 ಸುರಂಗ. ಅಲ್ಲಿ ಗೂಡ್ಸ್ ರೈಲು ನಿಧಾನವಾಗಿಯೇ ಇಳಿಯಬೇಕು. ಬಂದರಿಗೆ ಮುಟ್ಟಿದ ಮೇಲೂ ಕಂಟೇನರನ್ನು ಸಣ್ಣ ಹಡಗಿನಲ್ಲಿ ಕೊಲಂಬೊದಂಥ ಬಂದರಿಗೆ ಕಳಿಸಿ, ಅಲ್ಲಿ ದೊಡ್ಡ ಹಡಗಿಗೆ ಏರಿಸುವುದೇ ಜಾಸ್ತಿ. ಕೆಂಪು ಸಮುದ್ರ ಬಿಟ್ಟು ಆಫ್ರಿಕ ಸುತ್ತಿ ಹೋಗಬೇಕಾದಾಗ ಅದಕ್ಕೆ ಇನ್ನೂ ಹತ್ತು ಹದಿನಾಲ್ಕು ದಿನ ಸೇರುತ್ತದೆ. ಸುಂಕ ವಾಷಿಂಗ್ಟನ್ನಿನ ಕೈಯಲ್ಲಿದೆ, ಆದರೆ ಘಾಟಿ ರಸ್ತೆಯ ತಡೆಗೋಡೆ ನಮ್ಮ ಕೈಯಲ್ಲಿದೆ. ಮುಂದಿನ ಸಲ ಸಂಸದರು, ಶಾಸಕರು ಊರಿಗೆ ಬಂದಾಗ ಕೇಳಬೇಕಾದ್ದು ಇಷ್ಟು: ಶಿರಾಡಿ ವರ್ಷಪೂರ್ತಿ ಯಾವಾಗ ತೆರೆದಿರುತ್ತದೆ, ಘಾಟಿಯಲ್ಲಿ ಎರಡನೇ ರೈಲು ಹಳಿ ಯಾವಾಗ, ಪಣಂಬೂರಿಗೆ ನೇರ ಕಂಟೇನರ್ ಹಡಗು ಯಾವಾಗ.